ವೈದ್ಯವಿಜ್ಞಾನಿ ಹಿಂಟನ್

ರೋಗಕ್ಕೆ ಮದ್ದು ಕೊಡುವ ಮೊದಲು ರೋಗ ಯಾವುದೆಂದು ತಿಳಿಯಬೇಕು. ಇದು ವೈದ್ಯಶಾಸ್ತ್ರದ ಮೊದಲ ಪಾಠ. ಜ್ವರ, ಕೆಮ್ಮು, ಹುಣ್ಣು ಮೊದಲಾದ ಚಿಹ್ನೆಗಳು ಹೊರಗೆ ಕಾಣುತ್ತವೆ. ಆದರೆ ಕೆಲವು ರೋಗಗಳು ಯಾವ ಚಿಹ್ನೆಯನ್ನೂ ತೋರದೆ ವರ್ಷಗಟ್ಟಲೆ ಮನುಷ್ಯನ ಮೈಯಲ್ಲಿ ಅಡಗಿ ಕುಳಿತಿರುತ್ತವೆ. ಅಂತಹ ರೋಗವನ್ನು ಕಣ್ಣಿನಿಂದ ನೋಡಿ, ನಾಡಿ ಹಿಡಿದು ತಿಳಿಯಲಾಗದು. ಅದರ ಸುಳಿವನ್ನು ರಕ್ತವೇ ನೀಡಬೇಕು. ಆ ಸುಳಿವನ್ನು ತಪ್ಪಿಲ್ಲದೆ ಗ್ರಹಿಸುವ ಬಗೆಯನ್ನು ಕಂಡುಹಿಡಿಯಲು ತಮ್ಮ ಬಾಳನ್ನೇ ಮುಡಿಪಾಗಿಟ್ಟ ಮಹನೀಯರಲ್ಲಿ ಅಮೆರಿಕದ ಡಾಕ್ಟರ್ ವಿಲಿಯಂ ಆಗಸ್ಟಸ್ ಹಿಂಟನ್ ಒಬ್ಬರು.

ಹಿಂಟನ್ನರು 1883ನೆಯ ಇಸವಿ ಡಿಸೆಂಬರ್ 15ರಂದು ಷಿಕಾಗೊ ನಗರದಲ್ಲಿ ಜನಿಸಿದರು. ತಂದೆ ಆಗಸ್ಟಸ್ ಹಿಂಟನ್, ತಾಯಿ ಮರಿಯ ಕ್ಲಾರ್ಕ್. ಇಬ್ಬರೂ ಗುಲಾಮರಾಗಿ ಹುಟ್ಟಿದವರು. ಆಫ್ರಿಕದಿಂದ ಹಿಡಿದು ತಂದ ಜನರನ್ನೂ ಅವರ ಸಂತತಿಯನ್ನೂ ದನಕರುಗಳಂತೆ ಮಾರಿ ಕೊಳ್ಳುವ ಪದ್ಧತಿ ಅಮೆರಿಕದಲ್ಲಿ 1865ರಲ್ಲಿ ಕಾನೂನಿನ ಮೂಲಕ ಕೊನೆಗೊಂಡಿತು. ಕಾನೂನು ಬದಲಾದರೂ ಬಿಳಿಯರಲ್ಲಿ ಬಹುಮಂದಿಯ ಮನಸ್ಸು ಬದಲಾಗಲಿಲ್ಲ. ಶಾಲೆ, ಆಸ್ಪತ್ರೆ, ಉದ್ಯೋಗ, ಎಲ್ಲೆಲ್ಲಿಯೂ ಕಪ್ಪು ಜನರಿಗೆ ಬಾಗಿಲು ಮುಚ್ಚಿರುತ್ತಿತ್ತು, ಇಲ್ಲವೆ ಅರ್ಧ ಮಾತ್ರ ತೆರೆದಿರುತ್ತಿತ್ತು. ಹಿಂಟನ್ನರ ತಂದೆತಾಯಿಗಳಿಗೆ ಶಾಲೆಯ ವಿದ್ಯೆ ದೊರೆತಿರಲಿಲ್ಲ. ಆದರೆ ಮನುಷ್ಯರೆಲ್ಲರಿಗೂ ಸಮಾನವಾದ ಅವಕಾಶವಿರಬೇಕೆಂಬ ನಂಬಿಕೆ ಅವರಲ್ಲಿ ದೃಢವಾಗಿತ್ತು. ಮಗನಿಗೆ ಅವರಿಂದ ಬಂದ ಆಸ್ತಿ ಇದೊಂದೇ.

ವಿಲಿಯಂ ಇನ್ನೂ ಕೂಸಾಗಿದ್ದಾಗ ಕುಟುಂಬವು ಕ್ಯಾನ್ಸಸ್ ರಾಜ್ಯಕ್ಕೆ ಬಂದು ನೆಲೆಸಿತು. ಅಲ್ಲಿಯ ಪ್ರೌಢಶಾಲೆಯಲ್ಲಿ ಆತ ಎಲ್ಲರಿಗಿಂತ ಚಿಕ್ಕ ವಯಸ್ಸಿನಲ್ಲಿಯೇ ತೇರ್ಗಡೆ ಹೊಂದಿದ. ಎರಡು ವರ್ಷ ಕ್ಯಾನ್ಸಸ್ ವಿಶ್ವವಿದ್ಯಾನಿಲಯದಲ್ಲಿ ಓದಿ, ಅನಂತರ ಹೆಸರಾಂತ ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿ 1905ರಲ್ಲಿ ಪದವೀಧರನಾದ. ವೈದ್ಯನಾಗಬೇಕೆಂಬುದು ಬಯಕೆ, ಆದರೆ ಕೈಯಲ್ಲಿ ಹಣವಿರಲಿಲ್ಲ. ಆದುದರಿಂದ ಟೆನಿಸಿ ಮತ್ತು ಒಕ್ಲಹೋಮ ರಾಜ್ಯಗಳ ಕಾಲೇಜುಗಳಲ್ಲಿ ನಾಲ್ಕು ವರ್ಷ ಉಪಾಧ್ಯಾಯ ವೃತ್ತಿಯನ್ನು ಕೈಗೊಂಡ. ಬೇಸಗೆಯ ರಜೆಗಳಲ್ಲಿ ಇತರ ಅಧ್ಯಾಪಕರು ವಿಶ್ರಮಿಸುತ್ತಿದ್ದರೆ ಹಿಂಟನ್ ಷಿಕಾಗೊ ವಿಶ್ವವಿದ್ಯಾನಿಲಯಕ್ಕೆ ಹೋಗಿ ಬ್ಯಾಕ್ಟೀರಿಯಾಶಾಸ್ತ್ರವನ್ನೂ ಶರೀರಕ್ರಿಯಾಶಾಸ್ತ್ರವನ್ನೂ ಅಭ್ಯಾಸ ಮಾಡುತ್ತಿದ್ದ. ಒಕ್ಲಹೋಮದಲ್ಲಿದ್ದಾಗ ಪರಿಚಯವಾದ ಏಡಾ ಹಾಸ್ ಎಂಬ ಶಿಕ್ಷಕಿಯನ್ನು 1909ರಲ್ಲಿ ವಿವಾಹವಾದ.

ಅದೇ ವರ್ಷ ಹಾರ್ವರ್ಡ್ ವೈದ್ಯಕೀಯ ಕಾಲೇಜಿನಲ್ಲಿ ಪ್ರವೇಶ ದೊರೆಯಿತು. ಕಪ್ಪು ವಿದ್ಯಾರ್ಥಿಗಳಿಗೆಂದೇ ಮೀಸಲಾಗಿದ್ದ ಒಂದು ವಿದ್ಯಾರ್ಥಿವೇತನವನ್ನು ಹಿಂಟನ್ನರಿಗೆ ಕೊಡಲು ಕಾಲೇಜಿನವರು ಮುಂದಾದರು. ಬಡವನಾದ ವಿದ್ಯಾರ್ಥಿಗೆ ಅದು ದೊಡ್ಡ ಆಸರೆಯೇ ಸರಿ. ಆದರೆ ಹಿಂಟನ್ ಅದನ್ನು ವಿನಯದಿಂದ ನಿರಾಕರಿಸಿದರು. ಎಲ್ಲ ವಿದ್ಯಾರ್ಥಿಗಳೂ ಸ್ಪರ್ಧಿಸಬಹುದಾಗಿದ್ದ ವಿಗ್ಲ್ಸ್‌ವರ್ತ್ ಮತ್ತು ಹೇಡನ್ ವಿದ್ಯಾರ್ಥಿವೇತನಗಳಿಗೆ ಸ್ಪರ್ಧಿಸಿ, ಎರಡು ವರ್ಷ ಎಡೆಬಿಡದೆ ಅವುಗಳನ್ನು ಗೆದ್ದುಕೊಂಡರು. ಮೂರೇ ವರ್ಷಗಳಲ್ಲಿ ವ್ಯಾಸಂಗವನ್ನು ಮುಗಿಸಿ 1912ರಲ್ಲಿ ಗೌರವ ಶ್ರೇಣಿಯೊಡನೆ ವೈದ್ಯ ಪದವಿಯನ್ನು ಪಡೆದರು.

ಹಿಂಟನ್ನರಿಗೆ ಶಸ್ತ್ರವೈದ್ಯರಾಗಬೇಕೆಂಬ ಆಸೆಯಿತ್ತು. ಅದಕ್ಕೆ ಆಸ್ಪತ್ರೆಯೊಂದರಲ್ಲಿ ತರಬೇತಿ ಪಡೆಯುವುದು ಅವಶ್ಯಕ. ಹಾರ್ವರ್ಡ್‌ನಲ್ಲಿ ಗೌರವ ಶ್ರೇಣಿ ಪಡೆದ ಈ ತರುಣನಿಗೆ ಬಾಸ್ಟನ್ ನಗರದ ಯಾವ ಆಸ್ಪತ್ರೆಯೂ ಅಂತಹ ಅವಕಾಶವನ್ನು ಕೊಡಲಿಲ್ಲ. ಅಡ್ಡಿಯಾದದ್ದು ಮೈಬಣ್ಣ. ರೋಗಿಯ ಮೈಮುಟ್ಟುವ ಕೆಲಸ ದೊರೆಯದೆ ಹೋದಾಗ ಹಿಂಟನ್ ಪ್ರಯೋಗಶಾಲೆಯ ಕಡೆಗೆ ತಿರುಗಿದರು. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ರೋಗವಿಜ್ಞಾನ ವಿಭಾಗದಲ್ಲಿ ಸಂಬಳವಿಲ್ಲದ ಸ್ವಯಂಸೇವಕರಾಗಿ ಸೇರಿಕೊಂಡರು. ಸಿಫಿಲಿಸ್ ಎಂಬ ರೋಗದಿಂದ ಸತ್ತವರ ಅಥವಾ ಆ ರೋಗವಿತ್ತೆಂದು ಸಂದೇಹವಿದ್ದವರ ಶವಪರೀಕ್ಷೆ ಮಾಡುವುದು ಅವರಿಗೆ ವಹಿಸಿದ ಕೆಲಸ. ಬೇರೆಯವರು ಹೇಸಿಕೊಳ್ಳಬಹುದಾಗಿದ್ದ ಈ ಕೆಲಸವನ್ನೇ ಅವರು ತಮ್ಮ ಪಾಠಶಾಲೆಯನ್ನಾಗಿ ಮಾಡಿಕೊಂಡರು. ಒಂದು ರೋಗವು ಮನುಷ್ಯದೇಹವನ್ನು ಒಳಗಿನಿಂದ ಹೇಗೆ ಹಾಳುಗೆಡವುತ್ತದೆ ಎಂಬುದನ್ನು ಅವರಷ್ಟು ಸಮೀಪದಿಂದ ಕಂಡವರು ಅಂದು ವಿರಳ.

ಸಿಫಿಲಿಸ್ ಲೈಂಗಿಕ ಸಂಪರ್ಕದಿಂದ ಹರಡುವ ರೋಗಗಳಲ್ಲಿ ಒಂದು. ಗರ್ಭಿಣಿಗೆ ಈ ರೋಗವಿದ್ದರೆ ಅದು ಹೊಟ್ಟೆಯಲ್ಲಿರುವ ಮಗುವಿಗೂ ತಗಲುತ್ತದೆ. ಮೊದಲು ನೋವಿಲ್ಲದ ಒಂದು ಹುಣ್ಣು ಕಾಣಿಸಿಕೊಂಡು ತಾನಾಗಿಯೇ ಮಾಯುತ್ತದೆ. ಕೆಲವು ವಾರಗಳ ಮೇಲೆ ಮೈಯಲ್ಲಿ ಗುಳ್ಳೆಗಳೆದ್ದು ಅವೂ ಅಡಗುತ್ತವೆ. ರೋಗಿಯು ತನಗೆ ವಾಸಿಯಾಯಿತೆಂದು ತಿಳಿಯುತ್ತಾನೆ. ಆದರೆ ರೋಗಾಣು ಒಳಗೇ ಉಳಿದು, ಹತ್ತಿಪ್ಪತ್ತು ವರ್ಷಗಳ ಅನಂತರವೂ ಹೃದಯವನ್ನೋ ರಕ್ತನಾಳಗಳನ್ನೋ ಮಿದುಳನ್ನೋ ಘಾಸಿಗೊಳಿಸಬಲ್ಲುದು. ಯೂರೋಪಿನಲ್ಲಿ ಹದಿನೈದನೆಯ ಶತಮಾನದ ಕೊನೆಯಲ್ಲಿ ಈ ರೋಗ ಭಯಂಕರವಾಗಿ ಹಬ್ಬಿದಾಗ ಇಟಲಿಯವರು ಇದನ್ನು ಫ್ರೆಂಚರ ರೋಗವೆಂದರು. ಫ್ರೆಂಚರು ನೇಪಲ್ಸಿನ ರೋಗವೆಂದರು. ಹದಿನಾರನೆಯ ಶತಮಾನದಲ್ಲಿ ನಮ್ಮ ದೇಶದ ಭಾವಮಿಶ್ರನು ತನ್ನ ವೈದ್ಯಗ್ರಂಥವಾದ ಭಾವಪ್ರಕಾಶದಲ್ಲಿ ಇದನ್ನು ಫಿರಂಗ ರೋಗವೆಂದು ಕರೆದನು. ಹೀಗೆ ಈ ರೋಗವನ್ನು ಎಲ್ಲರೂ ಪರರ ತಲೆಗೆ ಕಟ್ಟುತ್ತಿದ್ದರು. ರೋಗಿಗೆ ಯಾತನೆಯ ಜೊತೆಗೆ ಅವಮಾನವೂ ತಪ್ಪುತ್ತಿರಲಿಲ್ಲ.

ಈ ರೋಗಕ್ಕೆ ಕಾರಣವಾದ ಸುರುಳಿಯಾಕಾರದ ಸೂಕ್ಷ್ಮಾಣುವನ್ನು ಜರ್ಮನಿಯ ಶೌಡಿನ್ ಮತ್ತು ಹಾಫ್‌ಮನ್ 1905ರಲ್ಲಿ ಗುರುತಿಸಿದರು. ಮರುವರ್ಷವೇ ಅದೇ ದೇಶದ ಆಗಸ್ಟ್ ಫಾನ್ ವಾಸರ್ಮನ್ ತನ್ನ ಸಂಗಡಿಗರೊಡನೆ ಒಂದು ರಕ್ತಪರೀಕ್ಷೆಯನ್ನು ರೂಪಿಸಿದನು. ರೋಗಾಣು ಮೈಯನ್ನು ಹೊಕ್ಕಾಗ ರಕ್ತದಲ್ಲಿ ಪ್ರತಿಕಾಯಗಳೆಂಬ ವಸ್ತುಗಳು ಹುಟ್ಟುತ್ತವೆ. ಅವುಗಳ ಇರವನ್ನು ತಿಳಿಯುವುದೇ ಪರೀಕ್ಷೆಯ ಗುರಿ. ರೋಗಿಯ ರಕ್ತದಿಂದ ಬೇರ್ಪಡಿಸಿದ ಸೀರಂ ಎಂಬ ತಿಳಿದ್ರವ, ಪ್ರಾಣಿಯ ಅಂಗಾಂಶದಿಂದ ತೆಗೆದ ಒಂದು ಸಾರ, ಗಿನಿಯಿಲಿಯ ಸೀರಂ, ಕುರಿಯ ಕೆಂಪು ರಕ್ತಕಣಗಳು, ಆ ಕಣಗಳನ್ನು ಒಡೆಯಲು ನೆರವಾಗುವ ಮೊಲದ ಸೀರಂ ಇವೆಲ್ಲವನ್ನೂ ಕ್ರಮವಾಗಿ ಬೆರೆಸಬೇಕು. ಕುರಿಯ ರಕ್ತಕಣಗಳು ಒಡೆದು ದ್ರವ ಕೆಂಪಾದರೆ ರೋಗವಿಲ್ಲ. ಒಡೆಯದೆ ತಳದಲ್ಲಿ ಕುಳಿತರೆ ರೋಗವಿದೆ ಎಂದು ಅರ್ಥ.

ಇದು ಮಹತ್ತ್ವದ ಶೋಧವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಐದು ವಸ್ತುಗಳಲ್ಲಿ ಯಾವುದೊಂದರ ಪ್ರಮಾಣವು ತುಸು ಹೆಚ್ಚುಕಡಿಮೆಯಾದರೂ ಫಲಿತಾಂಶ ಕೆಡುತ್ತಿತ್ತು. ಒಂದೇ ರಕ್ತಕ್ಕೆ ಎರಡು ಪ್ರಯೋಗಶಾಲೆಗಳು ಎರಡು ಬಗೆಯ ಉತ್ತರ ಕೊಡುವುದೂ ಉಂಟು. ಮಲೇರಿಯ, ಕುಷ್ಠ ಮೊದಲಾದ ಬೇರೆ ರೋಗಗಳಿಂದ ನರಳುವವರ ರಕ್ತವೂ ಕೆಲವೊಮ್ಮೆ ಸಿಫಿಲಿಸ್ ಇರುವಂತೆಯೇ ವರ್ತಿಸುತ್ತಿತ್ತು.

ಇಂತಹ ತಪ್ಪಿನ ಬೆಲೆ ಎಷ್ಟು? ರೋಗವಿದ್ದವನಿಗೆ ಇಲ್ಲವೆಂದು ಹೇಳಿದರೆ ಅವನು ಚಿಕಿತ್ಸೆಯಿಲ್ಲದೆ ಕೆಡುತ್ತಾನೆ. ತನ್ನ ಹೆಂಡತಿಮಕ್ಕಳಿಗೂ ರೋಗವನ್ನು ಹಂಚುತ್ತಾನೆ. ರೋಗವಿಲ್ಲದವನಿಗೆ ಇದೆಯೆಂದು ಹೇಳಿದರೆ ಅವನ ಮಾನ ಹೋಗುತ್ತದೆ, ಸಂಸಾರ ಒಡೆಯುತ್ತದೆ. ಅಷ್ಟೇ ಅಲ್ಲದೆ ಅಂದಿನ ಚಿಕಿತ್ಸೆಯೂ ಕಠಿನವಾಗಿತ್ತು. ಪಾದರಸವನ್ನೂ, 1910ರ ಅನಂತರ ಎರ್‌ಲಿಕ್ ಎಂಬ ವಿಜ್ಞಾನಿ ಬಳಕೆಗೆ ತಂದ ಆರ್ಸೆನಿಕ್‌ಯುಕ್ತ ಔಷಧವನ್ನೂ ತಿಂಗಳುಗಟ್ಟಲೆ ಕೊಡುತ್ತಿದ್ದರು. ಎರಡೂ ವಿಷಪದಾರ್ಥಗಳೇ. ಇಲ್ಲದ ರೋಗಕ್ಕೆ ಅವುಗಳನ್ನು ಸೇವಿಸುವುದೆಂದರೆ ನಿರಪರಾಧಿಗೆ ಶಿಕ್ಷೆ ವಿಧಿಸಿದಂತೆ.

1915ರಲ್ಲಿ ಹಾರ್ವರ್ಡ್‌ನಲ್ಲಿದ್ದ ವಾಸರ್ಮನ್ ಪ್ರಯೋಗಶಾಲೆಯನ್ನು ಮ್ಯಾಸಚೂಸೆಟ್ಸ್ ರಾಜ್ಯದ ಆರೋಗ್ಯ ಇಲಾಖೆಗೆ ವಹಿಸಿಕೊಟ್ಟರು. ಹಿಂಟನ್ನರು ಅದರ ಮುಖ್ಯಸ್ಥರಾದರು. ಬಡವರ ಚಿಕಿತ್ಸಾಲಯವಾಗಿದ್ದ ಬಾಸ್ಟನ್ ಡಿಸ್ಪೆನ್ಸರಿಯ ಪ್ರಯೋಗಶಾಲೆಯ ಹೊಣೆಯೂ ಅವರದಾಯಿತು. 1918ರಿಂದ ಹಾರ್ವರ್ಡ್‌ನಲ್ಲಿ ಅಧ್ಯಾಪನವನ್ನೂ ಆರಂಭಿಸಿದರು. ರಾಜ್ಯದ ಮೂಲೆಮೂಲೆಗಳಿಂದ ರಕ್ತದ ಮಾದರಿಗಳು ಅವರ ಪ್ರಯೋಗಶಾಲೆಗೆ ಬರುತ್ತಿದ್ದವು. ಪ್ರತಿಯೊಂದು ಸಣ್ಣ ಸೀಸೆಯ ಹಿಂದೆಯೂ ಉತ್ತರಕ್ಕಾಗಿ ಕಾಯುತ್ತಿರುವ ಒಬ್ಬ ಮನುಷ್ಯನಿದ್ದಾನೆ ಎಂಬ ಅರಿವು ಅವರಿಗಿತ್ತು. ರೋಗವಿರುವ ಯಾರನ್ನೂ ಬಿಟ್ಟುಬಿಡದ, ರೋಗವಿಲ್ಲದ ಯಾರ ಮೇಲೂ ಅಪವಾದ ಹೊರಿಸದ, ಸಾಮಾನ್ಯ ಪ್ರಯೋಗಶಾಲೆಯಲ್ಲಿಯೂ ಮಾಡಲು ಬರುವ ಸರಳ ಪರೀಕ್ಷೆಯೊಂದು ಬೇಕೆಂದು ಅವರು ನಿಶ್ಚಯಿಸಿದರು.

ವರ್ಷಗಳ ಪರಿಶ್ರಮ ಫಲಿಸಿತು. 1927ರಲ್ಲಿ ಹಿಂಟನ್ನರು ತಮ್ಮ ಹೊಸ ವಿಧಾನವನ್ನು ಪ್ರಕಟಿಸಿದರು. ಇದರಲ್ಲಿ ಕುರಿಯ ರಕ್ತಕಣಗಳೂ ಬೇಡ, ಗಿನಿಯಿಲಿಯ ಸೀರಮ್ಮೂ ಬೇಡ. ದನದ ಹೃದಯದ ಸ್ನಾಯುವಿನಿಂದ ತೆಗೆದ ಸಾರಕ್ಕೆ ಕೊಲೆಸ್ಟರಾಲ್ ಮತ್ತು ಗ್ಲಿಸರಿನ್ ಸೇರಿಸಿ ಒಂದು ದ್ರವವನ್ನು ಸಿದ್ಧಪಡಿಸುತ್ತಿದ್ದರು. ಅದನ್ನು ಪ್ರನಾಳದಲ್ಲಿ ರೋಗಿಯ ಸೀರಮ್ಮಿನೊಡನೆ ಬೆರೆಸಿ ಹದವಾದ ಶಾಖದಲ್ಲಿ ಇಡುತ್ತಿದ್ದರು. ಸೀರಮ್ಮಿನಲ್ಲಿ ಪ್ರತಿಕಾಯಗಳಿದ್ದರೆ ಒಡೆದ ಹಾಲಿನಲ್ಲಿ ಗರಣೆಗಳು ಕಾಣುವಂತೆ ದ್ರವದಲ್ಲಿ ಸಣ್ಣ ಸಣ್ಣ ಕಣಗಳು ಗುಂಪುಗೂಡುತ್ತಿದ್ದವು. ಇಲ್ಲವಾದರೆ ದ್ರವವು ಒಂದೇ ಸಮನಾಗಿ ಇರುತ್ತಿತ್ತು. ಬೆರೆಸಬೇಕಾದ ವಸ್ತುಗಳು ಕಡಮೆಯಾದುದರಿಂದ ತಪ್ಪಿಗೆ ಎಡೆಯೂ ಕಡಮೆಯಾಯಿತು. ಆರೋಗ್ಯವಂತರನ್ನು ರೋಗಿಗಳೆಂದು ತೋರಿಸುವ ದೋಷವು ಗಮನಾರ್ಹವಾಗಿ ತಗ್ಗಿತು.

ಇಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಎಳೆಯ ಮಕ್ಕಳಿಂದ ಹೆಚ್ಚು ರಕ್ತವನ್ನು ತೆಗೆಯಲಾಗುವುದಿಲ್ಲ. ಆದುದರಿಂದ ಸ್ವಲ್ಪವೇ ರಕ್ತ ಸಾಕಾಗುವ ಇನ್ನೊಂದು ವಿಧಾನವನ್ನು ಜಾನ್ ಡೇವಿಸ್ ಎಂಬ ಸಹೋದ್ಯೋಗಿಯೊಡನೆ 1931ರಲ್ಲಿ ರೂಪಿಸಿದರು. ಅದಕ್ಕೆ ಡೇವಿಸ್–ಹಿಂಟನ್ ಪರೀಕ್ಷೆಯೆಂದು ಹೆಸರಾಯಿತು. 1934ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯು ಹಿಂಟನ್ ಪರೀಕ್ಷೆಗೆ ಮನ್ನಣೆ ನೀಡಿತು. ಮದುವೆಗೆ ಮುನ್ನ ವಧೂವರರ ರಕ್ತವನ್ನೂ ಹೆರಿಗೆಗೆ ಮುನ್ನ ಗರ್ಭಿಣಿಯರ ರಕ್ತವನ್ನೂ ಪರೀಕ್ಷಿಸಬೇಕೆಂಬ ಕಾನೂನುಗಳು ಅದೇ ದಶಕದಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಜಾರಿಗೆ ಬಂದುವು. ಹೀಗೆ ಪರೀಕ್ಷೆಗೊಳಗಾಗುವವರ ಸಂಖ್ಯೆ ಹೆಚ್ಚಿದಂತೆಲ್ಲ ತಪ್ಪಿಲ್ಲದ ವಿಧಾನದ ಅಗತ್ಯವೂ ಹೆಚ್ಚಿತು.

1936ರಲ್ಲಿ ಹಿಂಟನ್ನರು ಸಿಫಿಲಿಸ್ ಮತ್ತು ಅದರ ಚಿಕಿತ್ಸೆಯನ್ನು ಕುರಿತು ಗ್ರಂಥವೊಂದನ್ನು ಬರೆದರು. ಅಮೆರಿಕದ ಕಪ್ಪು ವೈದ್ಯರೊಬ್ಬರು ಬರೆದು ಪ್ರಕಟವಾದ ಮೊದಲ ವೈದ್ಯಕೀಯ ಪಠ್ಯಗ್ರಂಥವಿದು ಎಂದು ಹೇಳುತ್ತಾರೆ. ಕಪ್ಪು ಜನರಲ್ಲಿ ಈ ರೋಗ ಹೆಚ್ಚಾಗಿರುವುದಕ್ಕೆ ಅವರ ಹುಟ್ಟುಗುಣವೇ ಕಾರಣವೆಂದು ಅಂದಿನ ಅನೇಕ ವೈದ್ಯರು ನಂಬಿದ್ದರು. ಹಿಂಟನ್ನರು ಇದನ್ನು ಒಪ್ಪಲಿಲ್ಲ. ಬಡತನ, ಚಿಕಿತ್ಸೆಯ ಅಭಾವ, ಕೆಟ್ಟ ಜೀವನಸ್ಥಿತಿ ಇವೇ ರೋಗ ಹರಡುವುದಕ್ಕೆ ಕಾರಣವೆಂಬುದು ಅವರ ಮತ. ಅವರ ಮಾತಿಗೆ ಎಷ್ಟು ಬೆಲೆಯಿತ್ತೆಂಬುದನ್ನು ತಿಳಿಯಲು ಅದೇ ಕಾಲದ ಮತ್ತೊಂದು ಸಂಗತಿಯನ್ನು ನೆನೆದರೆ ಸಾಕು. 1932ರಲ್ಲಿ ಅಮೆರಿಕದ ಆರೋಗ್ಯ ಸೇವೆಯವರು ಅಲಬಾಮ ರಾಜ್ಯದ ಟಸ್ಕೀಗಿ ಎಂಬ ಊರಿನ ಸುತ್ತಮುತ್ತ ಒಂದು ಅಧ್ಯಯನವನ್ನು ಆರಂಭಿಸಿದರು. ಸಿಫಿಲಿಸ್ ಇದ್ದ ಸುಮಾರು 400 ಮಂದಿ ಬಡ ಕಪ್ಪು ಜನರಿಗೆ ರೋಗದ ನಿಜಸ್ಥಿತಿಯನ್ನು ತಿಳಿಸದೆ, ತಕ್ಕ ಚಿಕಿತ್ಸೆಯನ್ನೂ ಕೊಡದೆ, ರೋಗವು ಹೇಗೆ ಬೆಳೆಯುತ್ತದೆಂದು 40 ವರ್ಷ ನೋಡುತ್ತ ಕುಳಿತರು. 1940ರ ದಶಕದಲ್ಲಿ ಪೆನಿಸಿಲಿನ್ ಎಂಬ ಸಿದ್ಧೌಷಧ ಬಂದ ಮೇಲೂ ಅದನ್ನು ಅವರಿಗೆ ಕೊಡಲಿಲ್ಲ. 1972ರಲ್ಲಿ ವಿಷಯ ಬಯಲಾಗಿ ಅಧ್ಯಯನ ನಿಂತಿತು. ಪರೀಕ್ಷೆಯು ರೋಗಿಯ ಹಿತಕ್ಕಾಗಿ ಇರಬೇಕೆಂಬ ಹಿಂಟನ್ನರ ನಿಲುವು ಈ ಕ್ರೂರ ವರ್ತನೆಯ ಎದುರಿನಲ್ಲಿ ಮತ್ತಷ್ಟು ಎತ್ತರವಾಗಿ ಕಾಣುತ್ತದೆ.

ಪರೀಕ್ಷೆ ಎಷ್ಟೇ ಉತ್ತಮವಾಗಿದ್ದರೂ ಅದನ್ನು ಮಾಡುವ ಕೈಗಳು ನುರಿತಿರಬೇಕು. ಇದನ್ನು ಅರಿತ ಹಿಂಟನ್ನರು ಬಾಸ್ಟನ್ ಡಿಸ್ಪೆನ್ಸರಿಯಲ್ಲಿ 1931ರಲ್ಲಿ ಬಡ ಹುಡುಗಿಯರಿಗಾಗಿ ಪ್ರಯೋಗಶಾಲಾ ತರಬೇತಿಯ ತರಗತಿಗಳನ್ನು ಆರಂಭಿಸಿದರು. ಸ್ತ್ರೀಯರಿಗೆ ಇಂತಹ ಉದ್ಯೋಗಗಳು ಸುಲಭವಾಗಿ ದೊರೆಯದಿದ್ದ ಕಾಲ ಅದು. ಸಣ್ಣದಾಗಿ ಮೊದಲಾದ ಆ ತರಗತಿ ಕ್ರಮೇಣ ಹೆಸರಾಂತ ತರಬೇತಿ ಶಾಲೆಯಾಗಿ ಬೆಳೆಯಿತು. ಅಲ್ಲಿ ಕಲಿತವರನ್ನು ಆಸ್ಪತ್ರೆಗಳು ಆದರದಿಂದ ಬರಮಾಡಿಕೊಂಡವು. ತಮಗೆ ಮುಚ್ಚಿದ್ದ ಆಸ್ಪತ್ರೆಯ ಬಾಗಿಲುಗಳನ್ನು ಹಿಂಟನ್ನರು ಈ ರೀತಿಯಲ್ಲಿ ಇತರರಿಗಾಗಿ ತೆರೆದರು.

ಕಪ್ಪು ಜನರಲ್ಲಿ ಮಹತ್ಸಾಧನೆ ಮಾಡಿದವರಿಗೆ ಕೊಡುವ ಸ್ಪಿಂಗಾರ್ನ್ ಪದಕವನ್ನು 1938ರಲ್ಲಿ ಹಿಂಟನ್ನರಿಗೆ ನೀಡಲು ಸಂಬಂಧಪಟ್ಟವರು ನಿರ್ಧರಿಸಿದರು. ಅವರು ಅದನ್ನೂ ಒಲ್ಲೆನೆಂದರು. ಪರೀಕ್ಷೆಯನ್ನು ಕಂಡುಹಿಡಿದವನು ಕಪ್ಪು ಮನುಷ್ಯನೆಂದು ಎಲ್ಲೆಡೆ ಪ್ರಚಾರವಾದರೆ, ಅನೇಕ ಬಿಳಿಯ ವೈದ್ಯರು ಆ ಕಾರಣಕ್ಕಾಗಿಯೇ ಅದನ್ನು ದೂರವಿಟ್ಟಾರು ಎಂಬ ಅಳುಕು ಅವರಿಗಿತ್ತೆಂದು ಹೇಳುತ್ತಾರೆ. ಆಗ ನಷ್ಟವಾಗುವುದು ರೋಗಿಗಳಿಗೆ. ತಮ್ಮ ಕೀರ್ತಿಗಿಂತ ಪರೀಕ್ಷೆಯ ಬಳಕೆ ದೊಡ್ಡದೆಂದು ಅವರು ಬಗೆದರು. ಒಬ್ಬ ವಿಜ್ಞಾನಿಯು ತನ್ನ ಕೆಲಸ ಉಳಿಯಲೆಂದು ತನ್ನನ್ನು ಮರೆಮಾಡಿಕೊಳ್ಳಬೇಕಾಗಿ ಬಂದುದು ಆ ಸಮಾಜದ ಮೇಲಿನ ಕಳಂಕವೇ ಸರಿ.

1940ರಲ್ಲಿ ಮೋಟಾರು ಅಪಘಾತವೊಂದರ ಪರಿಣಾಮವಾಗಿ ಹಿಂಟನ್ನರು ಒಂದು ಕಾಲನ್ನು ಕಳೆದುಕೊಂಡರು. ಆದರೂ ಅಧ್ಯಾಪನವನ್ನಾಗಲಿ ಪ್ರಯೋಗಶಾಲೆಯನ್ನಾಗಲಿ ಬಿಡಲಿಲ್ಲ. ಹಾರ್ವರ್ಡ್‌ನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದ ಈ ವಿದ್ವಾಂಸರಿಗೆ ಪ್ರಾಧ್ಯಾಪಕ ಪದವಿ ದೊರೆತದ್ದು 1949ರಲ್ಲಿ, ನಿವೃತ್ತಿಗೆ ಒಂದೇ ವರ್ಷ ಮುಂಚೆ. ಹಾರ್ವರ್ಡ್‌ನ ಇತಿಹಾಸದಲ್ಲಿ ಪ್ರಾಧ್ಯಾಪಕರಾದ ಮೊದಲ ಕಪ್ಪು ಮನುಷ್ಯರು ಅವರೇ. ರಾಜ್ಯದ ಪ್ರಯೋಗಶಾಲೆಯ ಹೊಣೆಯನ್ನು ಮಾತ್ರ ಅವರು 1953ರವರೆಗೆ, ಒಟ್ಟು 38 ವರ್ಷ, ನಿರ್ವಹಿಸಿದರು.

ಹಿಂಟನ್ನರಿಗೆ ಆ್ಯನ್ ಮತ್ತು ಜೇನ್ ಎಂಬ ಇಬ್ಬರು ಹೆಣ್ಣುಮಕ್ಕಳು. ಜೇನ್ ತಂದೆಯ ಹಾದಿಯನ್ನೇ ಹಿಡಿದು ಹಾರ್ವರ್ಡ್‌ನ ಪ್ರಯೋಗಶಾಲೆಯಲ್ಲಿ ಜಾನ್ ಹೊವರ್ಡ್ ಮುಲ್ಲರ್ ಎಂಬ ವಿಜ್ಞಾನಿಯ ಸಹಾಯಕಿಯಾದರು. ಲೈಂಗಿಕ ಸಂಪರ್ಕದಿಂದ ಹರಡುವ ಮತ್ತೊಂದು ರೋಗ ಗೊನೊರಿಯ. ಅದರ ಬ್ಯಾಕ್ಟೀರಿಯ ಬಹು ಸೂಕ್ಷ್ಮ ಪ್ರಕೃತಿಯದು. ಪ್ರಯೋಗಶಾಲೆಯಲ್ಲಿ ಸುಲಭವಾಗಿ ಬೆಳೆಯುವುದಿಲ್ಲ. ಅದನ್ನೂ ಮಿದುಳಿನ ಪೊರೆಯ ಉರಿಯೂತವನ್ನು ಉಂಟುಮಾಡುವ ಇನ್ನೊಂದು ಬ್ಯಾಕ್ಟೀರಿಯವನ್ನೂ ಬೆಳೆಸಲು ಇವರಿಬ್ಬರೂ ಪಿಷ್ಟವನ್ನು ಸೇರಿಸಿದ ಹೊಸ ಪೋಷಕ ಮಾಧ್ಯಮವೊಂದನ್ನು 1941ರಲ್ಲಿ ಪ್ರಕಟಿಸಿದರು. ಬೆಳವಣಿಗೆಗೆ ಅಡ್ಡಿಯಾಗುವ ವಸ್ತುಗಳನ್ನು ಪಿಷ್ಟವು ಹೀರಿಕೊಳ್ಳುತ್ತದೆ. ಮುಲ್ಲರ್–ಹಿಂಟನ್ ಅಗರ್ ಎಂದು ಹೆಸರಾದ ಈ ಮಾಧ್ಯಮವನ್ನು ಯಾವ ಬ್ಯಾಕ್ಟೀರಿಯಕ್ಕೆ ಯಾವ ಔಷಧ ತಗಲುತ್ತದೆಂದು ತಿಳಿಯಲು ನಮ್ಮ ದೇಶದ ಆಸ್ಪತ್ರೆಗಳೂ ಸೇರಿದಂತೆ ಪ್ರಪಂಚದಾದ್ಯಂತ ಇಂದಿಗೂ ಬಳಸುತ್ತಾರೆ. ಜೇನ್ ಮುಂದೆ 1949ರಲ್ಲಿ ಪಶುವೈದ್ಯ ಪದವಿಯನ್ನು ಪಡೆದರು. ತಂದೆ ಪ್ರಾಧ್ಯಾಪಕರಾದದ್ದೂ ಅದೇ ವರ್ಷ.

ಹಿಂಟನ್ನರು 1959ರ ಆಗಸ್ಟ್ 8ರಂದು ನಿಧನ ಹೊಂದಿದರು. ತಮ್ಮ ಉಳಿತಾಯದಿಂದ 75,000 ಡಾಲರುಗಳನ್ನು ಹಾರ್ವರ್ಡ್‌ನ ವಿದ್ಯಾರ್ಥಿಗಳ ನೆರವಿಗಾಗಿ ಅವರು ಉಯಿಲಿನಲ್ಲಿ ಬಿಟ್ಟಿದ್ದರು. ಆ ವಿದ್ಯಾರ್ಥಿವೇತನಕ್ಕೆ ತಮ್ಮ ಹೆಸರನ್ನು ಇಟ್ಟುಕೊಳ್ಳಲಿಲ್ಲ. ಸಮಾನ ಅವಕಾಶಕ್ಕಾಗಿ ದುಡಿದರೆಂದು ಅಂದಿನ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಅವರ ಹೆಸರನ್ನು ಇಟ್ಟರು. ಗುಲಾಮರಾಗಿ ಹುಟ್ಟಿದ್ದರೂ ಸಮಾನತೆಯನ್ನು ತಮಗೆ ಕಲಿಸಿದ ತಂದೆತಾಯಿಗಳನ್ನು ಆ ಸಂದರ್ಭದಲ್ಲಿ ಕೃತಜ್ಞತೆಯಿಂದ ಸ್ಮರಿಸಿದರು. 1970ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ತನ್ನ ಪ್ರಯೋಗಶಾಲೆಯ ಕಟ್ಟಡಕ್ಕೆ ಹಿಂಟನ್ನರ ಹೆಸರನ್ನಿಟ್ಟಿತು.

ಹಿಂಟನ್ ಪರೀಕ್ಷೆ ಇಂದು ಬಳಕೆಯಲ್ಲಿಲ್ಲ. 1946ರಲ್ಲಿ ವಿ.ಡಿ.ಆರ್.ಎಲ್. ಎಂಬ ಇನ್ನೂ ಸುಲಭವಾದ ವಿಧಾನ ಬಂದಿತು. ಅನಂತರ ರೋಗಾಣುವಿಗೇ ವಿಶಿಷ್ಟವಾದ ಪ್ರತಿಕಾಯಗಳನ್ನು ಗುರುತಿಸುವ ಪರೀಕ್ಷೆಗಳೂ ಬಂದುವು. ಒಂದು ಪರೀಕ್ಷೆ ರೋಗವಿದೆಯೆಂದು ತೋರಿಸಿದರೆ, ಬೇರೆ ಬಗೆಯ ಮತ್ತೊಂದು ಪರೀಕ್ಷೆಯಿಂದ ಅದನ್ನು ಖಚಿತಪಡಿಸಿಕೊಳ್ಳುವುದು ಈಗಿನ ಕ್ರಮ. ನಮ್ಮ ನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುವ ಗರ್ಭಿಣಿಗೆ ಮಾಡಿಸಬೇಕಾದ ರಕ್ತಪರೀಕ್ಷೆಗಳಲ್ಲಿ ಸಿಫಿಲಿಸ್ ಪರೀಕ್ಷೆಯೂ ಸೇರಿದೆ. ರೋಗವಿರುವುದು ಮೊದಲೇ ತಿಳಿದರೆ ಪೆನಿಸಿಲಿನ್ ಚುಚ್ಚುಮದ್ದಿನಿಂದ ತಾಯಿಯನ್ನೂ ಹುಟ್ಟಲಿರುವ ಮಗುವನ್ನೂ ಕಾಪಾಡಬಹುದು.

ವಿಜ್ಞಾನದಲ್ಲಿ ಹಳೆಯ ವಿಧಾನವು ಹೊಸದಕ್ಕೆ ಎಡೆಮಾಡಿಕೊಡುವುದು ಸಹಜ. ಆದರೆ ಹಿಂಟನ್ನರು ಹಾಕಿಕೊಂಡ ನಿಯಮ ಹಳೆಯದಾಗಲಿಲ್ಲ. ಮನುಷ್ಯನ ವಿಷಯದಲ್ಲಿ ತೀರ್ಪು ಕೊಡುವ ಮೊದಲು ಪರೀಕ್ಷೆಯನ್ನೇ ಪರೀಕ್ಷಿಸಬೇಕು. ಸಂದೇಹ ಬಂದಾಗ ಮತ್ತೊಮ್ಮೆ ನೋಡಬೇಕು. ಮೈಬಣ್ಣವನ್ನು ಕಂಡು ತಮ್ಮ ಯೋಗ್ಯತೆಯನ್ನು ಅಳೆದ ಜನರ ನಡುವೆ ಬಾಳಿದ ಹಿಂಟನ್ನರು, ತಮ್ಮ ಬಳಿಗೆ ಬಂದ ಯಾವ ರಕ್ತದ ವಿಷಯದಲ್ಲಿಯೂ ಅವಸರದ ತೀರ್ಮಾನಕ್ಕೆ ಎಡೆಗೊಡಬಾರದೆಂದು ಕೊನೆಯವರೆಗೂ ದುಡಿದರು.